ಹಗ್ಗ ತೆಗೆದ ಮೇಲೆ

ದಾವಣಗೆರೆಯ ಬಿಸಿಲಲ್ಲಿ ಬೆಳೆದ ನಾನು ಹಿಮ ಅಂತ ನೋಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ನಾಯಿಗಳ ವಿಷಯಕ್ಕೆ ಬಂದರೆ, ಅವು ದೂರದಲ್ಲಿದ್ದರೆ ಅವಕ್ಕೂ ಕ್ಷೇಮ, ನನಗೂ ಕ್ಷೇಮ ಎಂದುಕೊಂಡವಳು. ಅಂಥವಳ ಮೇಜಿನ ಮೇಲೆ, ವೈಟ್‌ಫೀಲ್ಡಿನ ನಮ್ಮ ಆನಿಮೇಷನ್ ಸ್ಟುಡಿಯೋದಲ್ಲಿ, ಅದೂ ಎಸಿ ಕೆಟ್ಟು ಎಲ್ಲರೂ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ವಾರದಲ್ಲಿ, ಹಿಮದ ಗಾಡಿ ಎಳೆಯುವ ನಾಯಿಯೊಂದು ಬಂದು ಕೂತಿತು.

ವಿದೇಶದ ಕಂಪನಿಯೊಂದು ಮಕ್ಕಳಿಗಾಗಿ ಮಾಡುತ್ತಿದ್ದ ಚಿತ್ರ ಅದು. ಕಥೆ ಸರಳ. ಹಿಮದ ನಾಡಿನಲ್ಲಿ ಊರೂರಿಗೆ ಕಾಗದ ಹಂಚುವ ಒಬ್ಬ ಮುದಿ ಅಂಚೆಯವನಿದ್ದಾನೆ. ಅವನ ಹಿಮಗಾಡಿಯನ್ನು ಸಾಲು ನಾಯಿಗಳು ಎಳೆಯುತ್ತವೆ. ಎಲ್ಲಕ್ಕಿಂತ ಮುಂದೆ ಓಡುವುದು ಒಂದು ಹೆಣ್ಣು ನಾಯಿ. ಅದೇ ಆ ಸಾಲಿನ ಮುಂದಾಳು. ಒಂದು ದಿನ ಹೆಪ್ಪುಗಟ್ಟಿದ ಹೊಳೆಯ ಮೇಲೆ ಹೋಗುವಾಗ ಗಾಳಿ ಎದ್ದು ಎದುರಿಗೇನೂ ಕಾಣದಂತಾಗುತ್ತದೆ. ಅವನು ‘ಎಡಕ್ಕೆ’ ಎಂದು ಕೂಗುತ್ತಾನೆ. ನಾಯಿ ತಿರುಗುವುದಿಲ್ಲ, ಇದ್ದಲ್ಲೇ ಕೂತುಬಿಡುತ್ತದೆ. ಗದರುತ್ತಾನೆ, ಬಾಯಿಗೆ ಬಂದಂತೆ ಬೈಯುತ್ತಾನೆ. ಅದು ಏಳುವುದಿಲ್ಲ. ಕೊನೆಗೆ ಗಾಡಿ ಇಳಿದು ಮುಂದೆ ಹೋಗಿ ನೋಡಿದರೆ ಎಡಗಡೆ ಮಂಜುಗಡ್ಡೆ ಬಾಯಿಬಿಟ್ಟಿದೆ, ಕೆಳಗೆ ನೀರು ಕಪ್ಪಗೆ ಹರಿಯುತ್ತಿದೆ.

ಈ ಕೂತುಬಿಡುವ ದೃಶ್ಯ ನಮಗೆ ಸಿಕ್ಕಿತ್ತು. ಅದು ಎಂಥ ದೊಡ್ಡ ವಿಷಯ ಎಂದು ಹೊರಗಿನವರಿಗೆ ಹೇಳಿದರೂ ಅರ್ಥವಾಗುವುದು ಕಷ್ಟ. ಅಷ್ಟು ವರ್ಷ ನಮ್ಮ ಸ್ಟುಡಿಯೋಗೆ ಬರುತ್ತಿದ್ದದ್ದೆಲ್ಲ ಹಿನ್ನೆಲೆಯ ಕೆಲಸ. ರಾಜಕುಮಾರಿಯ ಮುಖ ಬೇರೆಯವರಿಗೆ, ಅವಳ ಮದುವೆಗೆ ಬಂದ ಜನಜಂಗುಳಿ ನಮಗೆ. ಕುದುರೆ ಸವಾರ ಅವರಿಗೆ, ದೂರದಲ್ಲಿ ಧೂಳೆಬ್ಬಿಸುವ ನೂರು ಕುದುರೆ ನಮಗೆ. ಈ ಸಲವೂ ಮೊದಲು ಬಂದದ್ದು ಸಾಲಿನ ಹಿಂದಿನ ನಾಯಿಗಳೇ. ಅವನ್ನು ಚೆನ್ನಾಗಿ ಓಡಿಸಿದ್ದೀರಿ ಎಂದು ಮೆಚ್ಚಿ ಕೊಟ್ಟ ದೃಶ್ಯ ಇದು. ಒಂದು ಮುಖ, ಒಂದು ಮನಸ್ಸು, ಇಡೀ ಚಿತ್ರ ನಿಂತಿರುವ ಜಾಗ. ಇದನ್ನು ಕೈಬಿಟ್ಟರೆ ಮತ್ತೆ ಜನಜಂಗುಳಿಯೇ ಗತಿ ಎಂದು ನಮಗೆಲ್ಲ ಗೊತ್ತಿತ್ತು.

ಆನಿಮೇಷನ್ನಿನ ಜವಾಬ್ದಾರಿ ನನ್ನದು. ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ರಿಗ್ಗರ್. ಕಂಪ್ಯೂಟರಿನ ಗೊಂಬೆಯೊಳಗೆ ಮೂಳೆ, ಕೀಲು, ಸೂತ್ರಗಳನ್ನು ಜೋಡಿಸಿಕೊಡುವವರಿಗೆ ನಾವು ರಿಗ್ಗರ್ ಎನ್ನುತ್ತೇವೆ. ಅವರು ಕೀಲು ಕೊಟ್ಟಷ್ಟೇ ನಾನು ಕುಣಿಸಬಹುದು. ಅವರು ವರ್ತೂರು ಕಡೆಯ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲಿ ಈಗ ಅವರದೇ ಪಿಜಿ ಕಟ್ಟಡ ನಿಂತಿದೆ. ಆಫೀಸಿನಲ್ಲಿ ನೀಟಾಗಿ ಇಂಗ್ಲಿಷ್ ಬೆರೆಸಿ ಮಾತಾಡುತ್ತಾರೆ, ಸಿಟ್ಟು ಬಂದರೆ ಅಥವಾ ಖುಷಿಯಾದರೆ ಮಾತ್ರ ಊರಿನ ಮಾತು ಹೊರಬೀಳುತ್ತದೆ.

ಗಿರಾಕಿಗಳು ಕಳಿಸಿದ ಪೆನ್ಸಿಲ್ ಚಿತ್ರಗಳಲ್ಲಿ ನಾಯಿಗಳಿಂದ ಹೊರಟ ಗೆರೆಯೊಂದು ಹಿಂದಕ್ಕೆ ಗಾಡಿಯ ಕಡೆ ಹೋಗುತ್ತಿತ್ತು. ಎಲ್ಲಿ ಮುಗಿಯುತ್ತದೆ ಎಂಬುದು ಅಷ್ಟು ಸ್ಪಷ್ಟವಿರಲಿಲ್ಲ. ನಾವ್ಯಾರೂ ಕೇಳಲೂ ಇಲ್ಲ. ಕೇಳುವುದೇನಿದೆ? ಗಾಡಿ ಎಂದ ಮೇಲೆ ಹಗ್ಗ, ಹಗ್ಗ ಎಂದ ಮೇಲೆ ಹಿಡಿಯುವ ಕೈ. ಎತ್ತಿಗೆ ಮೂಗುದಾರ, ಕುದುರೆಗೆ ಲಗಾಮು, ಹಾಗೆ ನಾಯಿಗೂ ಒಂದು. ರಿಗ್ಗರ್ ಆ ಹಗ್ಗವನ್ನು ಮಾಡಿದ ಚೆಂದವನ್ನು ನೀವು ನೋಡಬೇಕಿತ್ತು. ಎಳೆದರೆ ಬಿಗಿಯುತ್ತಿತ್ತು, ಬಿಟ್ಟರೆ ಜೋಲುತ್ತಿತ್ತು, ಜಗ್ಗಿದಾಗ ಮೇಲೆ ಕೂತ ಹಿಮದ ಪುಡಿ ಉದುರುತ್ತಿತ್ತು. ಅದರ ಮೇಲೆ ನಾನು ನಟನೆ ಕಟ್ಟಿದೆ. ಅವನು ಎಡಗೈಯ ಹಗ್ಗ ಜಗ್ಗುತ್ತಾನೆ, ನಾಯಿಯ ಕತ್ತು ಎಡಕ್ಕೆ ವಾಲುತ್ತದೆ, ಕಾಲು ಮಾತ್ರ ಕದಲುವುದಿಲ್ಲ. ಜಗ್ಗಾಟವೆಂದರೆ ಜಗ್ಗಾಟ. ಮುಗಿಸಿದ ದಿನ ಇಡೀ ಮಹಡಿ ನಮ್ಮ ಮಾನಿಟರಿನ ಸುತ್ತ ನಿಂತು ಚಪ್ಪಾಳೆ ಹೊಡೆಯಿತು.

ವಿದೇಶದ ನಿರ್ದೇಶಕಿಯ ವಿಡಿಯೋ ಕರೆ ನಮಗೆ ಸಂಜೆ ಹೊತ್ತಿಗೆ ಬರುತ್ತಿತ್ತು. ಆಕೆ ಹಿಮದಲ್ಲೇ ಹುಟ್ಟಿ ಬೆಳೆದವಳು. ದೃಶ್ಯವನ್ನು ಎರಡು ಸಲ ನೋಡಿದಳು. ತುಂಬ ಚೆನ್ನಾಗಿದೆ ಎಂದಳು. ಆಮೇಲೆ ತೀರ ಮೃದುವಾಗಿ ಕೇಳಿದಳು, ಇವನ ಕೈಯಲ್ಲಿ ಹಗ್ಗ ಯಾಕಿದೆ ಎಂದು.

ನಾವು ಮುಖ ಮುಖ ನೋಡಿಕೊಂಡೆವು. ನಾಯಿಗಳಿಂದ ಬರುವ ಹಗ್ಗ ಗಾಡಿಗೆ ಕಟ್ಟಿರುವುದು, ಎಳೆಯಲು ಮಾತ್ರ ಎಂದು ಆಕೆ ವಿವರಿಸಿದಳು. ಓಡಿಸುವವನು ಹಿಂದೆ ಗಾಡಿಯ ಹಿಡಿ ಹಿಡಿದು ನಿಂತಿರುತ್ತಾನೆ. ಮುಂದಿನ ನಾಯಿ ಎಲ್ಲೋ ದೂರದಲ್ಲಿ ಇರುತ್ತದೆ. ಅವರಿಬ್ಬರ ನಡುವೆ ಇರುವುದು ಬಾಯಿಮಾತು ಒಂದೇ.

ರಿಗ್ಗರ್ ಮೈಕ್ ಮುಚ್ಚಿ ನನ್ನ ಕಡೆ ತಿರುಗಿದರು. “ಅಗ್ಗ ಇಲ್ದೆ ಎಂಗ್ ಮೇಡಂ ಓಡಿಸ್ತಾರೆ? ಬಾಯಲ್ಲಿ ಏಳಿದ್ರೆ ಆಯ್ತಾ? ನಮ್ಮನೇಲಿ ನಾನ್ ಏಳಿದ್ದೇ ಯಾರೂ ಕೇಳಲ್ಲ.”

ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ನಿರ್ದೇಶಕಿ ಒಂದು ವಾರ ಕೊಟ್ಟಳು. ಆಗಲೂ ಸರಿಹೋಗದಿದ್ದರೆ ಆ ದೃಶ್ಯವನ್ನು ತನ್ನ ಊರಿನ ಸ್ಟುಡಿಯೋಗೇ ಕೊಡುತ್ತೇನೆ, ನೀವು ಹಿಂದಿನ ನಾಯಿಗಳನ್ನು ಮುಂದುವರಿಸಿ ಎಂದಳು. ಬೇಸರದಿಂದಲೇ ಹೇಳಿದಳು, ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಹಗ್ಗ ಅಳಿಸುವುದು ಒಂದು ನಿಮಿಷದ ಕೆಲಸ. ಅಳಿಸಿ ನೋಡಿದರೆ ದೃಶ್ಯವೇ ಸತ್ತು ಬಿದ್ದಿತ್ತು. ಹಿಂದೆ ಒಬ್ಬ ಮುದುಕ ಸುಮ್ಮನೆ ಅರಚುತ್ತಿದ್ದಾನೆ, ಮುಂದೆ ಒಂದು ನಾಯಿ ಸುಮ್ಮನೆ ಕೂತಿದೆ. ಇವನಿಗೂ ಅದಕ್ಕೂ ಏನು ಸಂಬಂಧ ಎಂದು ನೋಡಿದವರು ಕೇಳುವಂತಿತ್ತು. ಅಲ್ಲಿಯವರೆಗೆ ಅವರ ಸಂಬಂಧವೆಲ್ಲ ಆ ಹಗ್ಗದಲ್ಲೇ ಇತ್ತು ಎಂದು ನನಗೆ ಆಗ ಹೊಳೆಯಿತು. ನಾವು ಪ್ರೀತಿ ಎಂದುಕೊಂಡು ಮಾಡಿದ್ದು ಬರೀ ಜಗ್ಗಾಟ.

ನನಗೆ ತಕ್ಷಣ ತೋಚಿದ ಉಪಾಯ, ನಾಯಿ ಹಿಂತಿರುಗಿ ಯಜಮಾನನ ಮುಖ ನೋಡುವುದು. ಸಿನಿಮಾದಲ್ಲಿ ಇಬ್ಬರ ನಡುವೆ ಏನಾದರೂ ಇದೆ ಎಂದು ತೋರಿಸಲು ಎಲ್ಲರೂ ಮಾಡುವುದು ಅದನ್ನೇ. ಗೊಂಬೆಗೆ ನಟನೆ ಕಟ್ಟುವ ಮೊದಲು ನಾವೇ ಅಭಿನಯಿಸಿ ಫೋನಿನಲ್ಲಿ ಹಿಡಿದುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಸರಿ, ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದೆವು. ರಿಗ್ಗರ್ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ನಾಯಿಯಾದರು. ನಾನು ಹಿಂದೆ ತಳ್ಳುಗಾಡಿಯೊಂದನ್ನು ಹಿಡಿದು ನಿಂತು “ಎಡಕ್ಕೆ! ಎಡಕ್ಕೆ ತಿರುಗೇ!” ಎಂದು ಕಿರುಚಿದೆ. ಅವರು ಕೂತು, ಕತ್ತು ತಿರುಗಿಸಿ, ನನ್ನನ್ನು ಕರುಣೆಯಿಂದ ನೋಡಿದರು. ಸೆಕ್ಯುರಿಟಿಯವರು ಬಂದು, “ಮೇಡಂ, ಏನಾದ್ರೂ ಗಲಾಟೆನಾ?” ಎಂದರು. ಏನಿಲ್ಲ, ಕೆಲಸ ಎಂದೆ. ಅವರು ನಂಬಲಿಲ್ಲ, ದೂರದಿಂದ ನೋಡುತ್ತಲೇ ಇದ್ದರು.

ಆ ಆವೃತ್ತಿಯನ್ನೂ ನಿರ್ದೇಶಕಿ ನೋಡಿದಳು. ಮುಂದಾಳು ನಾಯಿ ಹೀಗೆ ಹಿಂತಿರುಗಿದರೆ ಇಡೀ ಸಾಲು ಗಲಿಬಿಲಿಯಾಗುತ್ತದೆ ಎಂದಳು. ಹಿಂತಿರುಗಿ ನೋಡುವವರಿಗೆ ಅನುಮಾನ ಇರುತ್ತದೆ, ಅವಳಿಗೆ ಅನುಮಾನವೇ ಇಲ್ಲವಲ್ಲ ಎಂದಳು. ಹಾಗಾದರೆ ನೋಡದೆ ಕೂರಲಿ ಎಂದು ಅಲ್ಲೇ ಹಗ್ಗ ಅಳಿಸಿದ ಹಳೆಯ ಆವೃತ್ತಿ ಹಾಕಿ ತೋರಿಸಿದೆ. ಆಕೆ ತಲೆಯಾಡಿಸಿದಳು. ಹೀಗೆ ಕೂತರೆ ಅವನ ಕೂಗು ಅವಳಿಗೆ ಕೇಳಿಸಲೇ ಇಲ್ಲವೇನೋ ಅನ್ನಿಸುತ್ತದೆ. ಅವಳು ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಗಬೇಕು ಎಂದಳು. ನೋಡಲೂ ಕೂಡದು, ಕೇಳಿಸಿದ್ದೂ ಗೊತ್ತಾಗಬೇಕು. ಕರೆ ಮುಗಿದ ಮೇಲೆ ನಾನು ಹೆಡ್‌ಫೋನನ್ನು ಮೇಜಿನ ಮೇಲೆ ಕುಕ್ಕಿದೆ.

ನಮ್ಮ ಮ್ಯಾನೇಜರ್ ತಣ್ಣಗಿನ ಮನುಷ್ಯ. ಮಾರತ್ತಹಳ್ಳಿಯ ಹತ್ತಿರ ತಾವಿರುವ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಹಸ್ಕಿ ಸಾಕಿದ್ದಾರೆ, ಹಿಮದ ಜಾತಿಯ ನಾಯಿಯೇ, ಒಮ್ಮೆ ಹೋಗಿ ನೋಡಿ ಬನ್ನಿ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ರೇಗಿದೆ. “ನಿಮಗೆ ನಾಯಿ ಅಂದ್ರೆ ಆಗಲ್ವಲ್ಲ, ಅದಕ್ಕೆ” ಎಂದರು.

ಮಧ್ಯಾಹ್ನ ಕ್ಯಾಮರಾ ಹೊತ್ತು ಹೋದೆವು. ರಿಂಗ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಅಲ್ಲಿಗೆ ಮುಟ್ಟುವಾಗ ನಾಯಿಗಿಂತ ಹೆಚ್ಚು ನಾವೇ ನಾಲಿಗೆ ಚಾಚಿದ್ದೆವು. ಬಾಗಿಲು ತೆರೆದವರು ಧಾರವಾಡದ ಕಡೆಯ ಒಬ್ಬ ಹಿರಿಯ ಹೆಂಗಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೌಟು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರಂತೆ. ನಾಯಿ ತಂದದ್ದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಮಗಳು. ನೋಡಿಕೊಳ್ಳುವುದು ಮಾತ್ರ ತಾಯಿ. ಅದರ ಹೆಸರು ಗಿರ್ಮಿಟ್. ಹಿಮದ ನಾಡಿನ ವಂಶ, ನೀಲಿ ಕಣ್ಣು, ಹೆಸರು ಮಾತ್ರ ಚುರುಮುರಿಯ ತಿಂಡಿಯದು.

ಗಿರ್ಮಿಟ್ ಎಸಿಯ ಕೆಳಗೆ ತಣ್ಣನೆಯ ನೆಲದ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗಿತ್ತು. ನಮ್ಮನ್ನು ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು.

“ಏ ಗಿರ್ಮಿಟ್, ಏಳೋ. ಯಾರ್ ಬಂದಾರ ನೋಡು, ಸಿನಿಮಾದವ್ರು” ಎಂದರು ಅವರು. ಅದು ಏಳಲಿಲ್ಲ. “ಏಳಂಗಿಲ್ರಿ ಅಂವಾ. ಬಿಸಲ ಇಳಿಯೂತನಕಾ ಹಿಂಗ. ನೀವ ಕೂಡ್ರಿ, ಚಹಾ ಮಾಡ್ತೀನಿ.”

ರಿಗ್ಗರ್ ಬಿಸ್ಕತ್ತು ತೋರಿಸಿದರು. ಶಿಳ್ಳೆ ಹಾಕಿದರು. ಓಡಿ ಬರಲಿ ಎಂದು ನಡುಮನೆಯಲ್ಲಿ ತಾವೇ ಓಡಿದರು. ಅಲ್ಲಿಯವರೆಗೆ ಕ್ಯಾಮರಾದಲ್ಲಿ ದಾಖಲಾದದ್ದು ಅವರ ಓಟ ಮಾತ್ರ. ನಾನು ಕೈಚೆಲ್ಲಿ ಸೋಫಾದ ಮೇಲೆ ಕೂತೆ. ಗಾಡಿ ಎಳೆಯುವುದಿರಲಿ, ಈ ಮಹಾರಾಯನನ್ನೇ ಗಾಡಿಯಲ್ಲಿ ಕೂರಿಸಿ ಎಳೆಯಬೇಕು ಎಂದು ಗೊಣಗಿದೆ.

ಅಡುಗೆಮನೆಯಿಂದ ಅವರು ಮಾತಾಡುತ್ತಲೇ ಇದ್ದರು. ಸಕ್ಕರೆ ಎಷ್ಟು, ಮಗಳು ಬರುವುದು ಎಷ್ಟು ಹೊತ್ತಿಗೆ, ಲಿಫ್ಟು ಹೇಗೆ ಕೈಕೊಡುತ್ತದೆ, ಹೀಗೆ. ಸುಮ್ಮನೆ ನಾಯಿಯನ್ನೇ ನೋಡುತ್ತಿದ್ದ ನನಗೆ ಆಗ ಕಂಡಿತು. ಅದರ ಕಣ್ಣು ಮುಚ್ಚಿತ್ತು, ಮೂತಿ ನೆಲಕ್ಕಿತ್ತು, ಬಾಲ ಸತ್ತಂತೆ ಬಿದ್ದಿತ್ತು. ಆದರೆ ಒಂದು ಕಿವಿ ಅವರ ಜೊತೆ ಓಡಾಡುತ್ತಿತ್ತು. ಅವರು ಒಲೆಯ ಹತ್ತಿರ ಮಾತಾಡಿದರೆ ಅಲ್ಲಿಗೆ, ಫ್ರಿಜ್ಜಿನ ಹತ್ತಿರ ಹೋದರೆ ಅಲ್ಲಿಗೆ. ಹೊರಗೆ ಲಿಫ್ಟಿನ ಬಾಗಿಲು ಸದ್ದಾಯಿತು. ಇನ್ನೊಂದು ಕಿವಿ ಅತ್ತ ಹೊರಳಿತು. ಮೊದಲನೆಯದು ಅಡುಗೆಮನೆಯನ್ನು ಬಿಡಲಿಲ್ಲ.

ನಾನು ರಿಗ್ಗರ್ ಅವರ ತೋಳು ಹಿಡಿದು ತೋರಿಸಿದೆ. ಅವರು ಬಿಸ್ಕತ್ತನ್ನು ತಾವೇ ಬಾಯಿಗೆ ಹಾಕಿಕೊಂಡು, ಕ್ಯಾಮರಾವನ್ನು ಆ ಕಿವಿಯ ಕಡೆ ತಿರುಗಿಸಿ ನೆಲಕ್ಕೆ ಕೂತರು. ಇಬ್ಬರೂ ಬಹಳ ಹೊತ್ತು ಒಂದು ನಾಯಿಯ ಕಿವಿ ನೋಡಿಕೊಂಡು ಕೂತಿದ್ದೆವು. ಚಹಾ ತಂದವರು, “ಅಯ್ಯ, ಇದನ್ನ ನೋಡಾಕ ಅಷ್ಟ್ ದೂರದಿಂದ ಬಂದ್ರೇನು?” ಎಂದು ನಕ್ಕರು. ಹೌದು ಎಂದೆ. ಆ ಮನೆಯಲ್ಲಿ ಅವರ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳುವವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ನನಗೆ ಅನ್ನಿಸಿತು, ಮನಸ್ಸು ತುಂಬಿ ಬಂತು. ನಾಯಿಯೊಂದನ್ನು ನಾನು ಮೊದಲ ಸಲ ಮೆಚ್ಚಿದ್ದು ಅವತ್ತು.

ವಾಪಸು ಬರುವಾಗ ಕ್ಯಾಬಿನಲ್ಲೇ ತೊಡಕು ಎದುರಾಯಿತು. ನಮ್ಮ ಮುಂದಾಳು ನಾಯಿಯ ಕಿವಿಗಳಿಗೆ ಇದ್ದದ್ದು ಒಂದೇ ಸೂತ್ರ. ಎಳೆದರೆ ಎರಡೂ ಒಟ್ಟಿಗೆ ಏಳುತ್ತಿದ್ದವು, ಬಿಟ್ಟರೆ ಒಟ್ಟಿಗೆ ಮಲಗುತ್ತಿದ್ದವು. ಬೇರೆ ಬೇರೆಯಾಗಿ ಹೊರಳಬೇಕಾದರೆ ಒಳಗಿನ ಕೀಲುಕಟ್ಟು, ಅಂದರೆ ರಿಗ್, ಬಿಚ್ಚಬೇಕು. ಆದರೆ ಅದೇ ಗೊಂಬೆ ಇಡೀ ಚಿತ್ರದಲ್ಲಿದೆ, ಬೇರೆ ಸ್ಟುಡಿಯೋದವರು ಅದರಲ್ಲಿ ಮಾಡಿದ ಎಷ್ಟೋ ದೃಶ್ಯಗಳು ಆಗಲೇ ಒಪ್ಪಿಗೆಯಾಗಿವೆ. ಒಳಗೊಂದು ಕೀಲು ಅತ್ತಿತ್ತಾದರೆ ಎಲ್ಲೋ ಬೇರೆ ದೃಶ್ಯದಲ್ಲಿ ನಾಯಿಯ ಮುಖವೇ ಸೊಟ್ಟಗಾಗಬಹುದು. ಅದಕ್ಕೇ ಒಪ್ಪಿಗೆಯಾದ ರಿಗ್ಗನ್ನು ಯಾರೂ ಮುಟ್ಟಬಾರದು ಎಂಬುದು ನಮ್ಮ ಕಸುಬಿನ ಕಟ್ಟುನಿಟ್ಟು.

ಆಫೀಸಿಗೆ ಬಂದು ಹೇಳಿದಾಗ ಮ್ಯಾನೇಜರ್ ಮೊದಲ ಬಾರಿಗೆ ದನಿ ಎತ್ತಿದರು. “ಒಂದು ಕಿವಿಗೋಸ್ಕರ ಇಡೀ ನಾಯೀನ ಬಿಚ್ತೀರೇನ್ರೀ? ದೃಶ್ಯ ಹೋಗೋದಲ್ದೆ ಇಡೀ ಪ್ರಾಜೆಕ್ಟೇ ಹೋಗುತ್ತೆ. ಕಣ್ಣಲ್ಲಿ ಏನಾದ್ರೂ ಮಾಡಿ, ಹುಬ್ಬಲ್ಲಿ ಏನಾದ್ರೂ ಮಾಡಿ.”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕದ್ದುಮುಚ್ಚಿ ಮಾಡೋಣವೇ ಎಂದು ಒಂದು ಗಳಿಗೆ ಯೋಚಿಸಿದೆ. ಬೇಡವೆನ್ನಿಸಿತು. ರಿಗ್ಗರ್ ಕಡೆ ನೋಡಿದೆ. ತಾವು ಅಷ್ಟು ಮುದ್ದಿನಿಂದ ಮಾಡಿದ ಹಗ್ಗ ಕಸದ ಬುಟ್ಟಿ ಸೇರಿದ ದಿನದಿಂದ ಅವರ ಮುಖ ಸಪ್ಪಗಿತ್ತು. ಈಗ ಅದರಲ್ಲಿ ಕಳೆ ಬಂದಿತ್ತು.

“ಅಳೇ ಕೀಲು ಮುಟ್ಟಲ್ಲ ಮೇಡಂ” ಎಂದರು. “ಅದರ ಮೇಲೆ ಇನ್ನೊಂದು ಪದರ ಕೂರಿಸ್ತೀನಿ. ಬೇಕಾದ್ರೆ ಆನ್, ಬ್ಯಾಡ ಅಂದ್ರೆ ಆಫ್. ಆಫ್ ಮಾಡಿದ್ರೆ ನಾಯಿ ಎಂಗಿತ್ತೋ ಅಂಗೇ ಇರ್ತದೆ.” ಆಮೇಲೆ ದನಿ ತಗ್ಗಿಸಿ ಸೇರಿಸಿದರು: “ಅಗ್ಗ ಇದ್ರೆ ಕೇಳ್ಲೇಬೇಕು ಕಣ್ರೀ. ಅಗ್ಗ ಇಲ್ದೇನೂ ಕೇಳ್ತದಲ್ಲ ಅದು, ಅದನ್ನ ತೋರಿಸ್ಬೇಕು.”

ಮರುದಿನ ಸಂಜೆ ನಿರ್ದೇಶಕಿಗೆ ಗಿರ್ಮಿಟ್ಟಿನ ವಿಡಿಯೋ ತೋರಿಸಿ ನೇರವಾಗಿ ಕೇಳಿದೆ. ರಿಗ್ಗಿನ ಮೇಲೆ ಹೊಸ ಪದರ ಕೂರಿಸಲು ಅನುಮತಿ ಕೊಡಿ. ಬೇರೆ ಒಂದು ದೃಶ್ಯ ಕೆಟ್ಟರೂ ಈ ದೃಶ್ಯವನ್ನು ನಾವೇ ವಾಪಸು ಕೊಡುತ್ತೇವೆ, ನೀವು ಕಿತ್ತುಕೊಳ್ಳಬೇಕಾಗಿಲ್ಲ ಎಂದೆ. ಪಕ್ಕದಲ್ಲಿ ಮ್ಯಾನೇಜರ್ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಆಕೆ ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿ, ಅಡುಗೆಮನೆಯಲ್ಲಿ ಮಾತಾಡುತ್ತಿರುವವರು ಯಾರು ಎಂದು ಕೇಳಿದಳು. ಹೇಳಿದೆ. ಮಾಡಿ ಎಂದಳು.

ಮೊದಲು ಮಾಡಿದ ಕಿವಿ ಎಮ್ಮೆಯ ಕಿವಿಯಂತಾಯಿತು. ಎರಡನೆಯದು ಹೊರಳಿದಾಗ ತಲೆಯ ಚರ್ಮ ಹಿಂಡಿದ ಬಟ್ಟೆಯಂತೆ ಮುದುಡುತ್ತಿತ್ತು. ಕಿವಿ ಎಂದರೆ ಬರೀ ಎಲೆಯಲ್ಲ, ಬುಡದಲ್ಲಿ ಮಾಂಸವಿದೆ, ಆ ಮಾಂಸ ಹಣೆಯ ತನಕ ಎಳೆಯುತ್ತದೆ ಎಂದು ರಿಗ್ಗರ್ ಗಿರ್ಮಿಟ್ಟಿನ ವಿಡಿಯೋವನ್ನು ನಿಧಾನಗೊಳಿಸಿ ನೋಡಿ ನೋಡಿ ಕಂಡುಕೊಂಡರು. ಹೊಸ ಪದರ ಕೂತ ಮೇಲೆ, ನಿರ್ದೇಶಕಿ ಕಳಿಸಿಕೊಟ್ಟ ಹಳೆಯ ದೃಶ್ಯಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆವು. ಮುಖ ಎಲ್ಲೂ ಸೊಟ್ಟಗಾಗಿರಲಿಲ್ಲ. ಮ್ಯಾನೇಜರ್ ತಾವೇ ಹೋಗಿ ಎಲ್ಲರಿಗೂ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದರು.

ಇನ್ನುಳಿದದ್ದು ನನ್ನ ಕೆಲಸ. ಮುದುಕನ ಕೈಬೀಸಾಟವನ್ನೆಲ್ಲ ತೆಗೆದು ಅವನ ಎರಡೂ ಕೈಯನ್ನು ಗಾಡಿಯ ಹಿಡಿಗೆ ಕೊಟ್ಟೆ. ನಾಯಿಯ ಮುಖ ಎದುರಿಗೇ ಇಟ್ಟೆ. ಅವನು ‘ಎಡಕ್ಕೆ’ ಎಂದು ಕೂಗುತ್ತಾನೆ. ಅವಳ ಏದುಸಿರು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಎರಡೂ ಕಿವಿ ಹಿಂದಕ್ಕೆ, ಅವನ ಕಡೆಗೆ ಹೊರಳುತ್ತವೆ. ಅಂದರೆ ಕೇಳಿಸಿತು. ಆಮೇಲೆ ನಿಧಾನವಾಗಿ ಕೂರುತ್ತಾಳೆ. ಅವನು ಬೈಯುತ್ತಾನೆ. ಕಿವಿ ಹೆದರಿ ಮಲಗುವುದಿಲ್ಲ, ಅತ್ತ ಬೇರೆ ಕಡೆಗೂ ಹೋಗುವುದಿಲ್ಲ, ಒಂದೊಂದು ಬೈಗುಳಕ್ಕೂ ಸಣ್ಣಗೆ ನಡುಗುತ್ತಾ ಅವನ ಕಡೆಗೇ ಇರುತ್ತದೆ. ಎಡಗಡೆ ಮಂಜುಗಡ್ಡೆ ಟಿಕ್ ಎನ್ನುತ್ತದೆ. ಒಂದು ಕಿವಿ ಅತ್ತ ಹೊರಳುತ್ತದೆ. ಇನ್ನೊಂದು ಅವನನ್ನು ಬಿಡುವುದಿಲ್ಲ.

ಇಡೀ ಬೈಗುಳವನ್ನು ಅವಳು ಕೂತು ಕೇಳಿಸಿಕೊಂಡಳು, ಆದರೂ ಅವನನ್ನು ನೀರಿಗೆ ಒಯ್ಯಲಿಲ್ಲ. ಅದನ್ನು ಪರದೆಯ ಮೇಲೆ ನೋಡಿದಾಗ ನಾನೇ ಕುಣಿಸಿದ ಗೊಂಬೆಯ ಮುಂದೆ ನನಗೇ ಕಣ್ಣು ಮಂಜಾಯಿತು. ಹೇಳಿದ್ದನ್ನೆಲ್ಲ ಮಾಡುವುದೇ ನಿಷ್ಠೆ ಎಂದುಕೊಂಡಿದ್ದೆ. ನಮ್ಮ ಮಾತನ್ನು ಪೂರ್ತಿ ಕೇಳಿ, ನಮ್ಮ ಒಳ್ಳೆಯದಕ್ಕೇ ಆಗುವುದಿಲ್ಲ ಎನ್ನುವವರು ಸಿಗುವುದು ಪುಣ್ಯ.

ಕೊನೆಯ ಕರೆಯಲ್ಲಿ ನಿರ್ದೇಶಕಿ ದೃಶ್ಯ ನೋಡಿ ಏನೂ ಹೇಳಲಿಲ್ಲ. ಇಂಟರ್ನೆಟ್ ಹೋಯಿತೇನೋ ಎಂದು ರಿಗ್ಗರ್ ಎದ್ದು ಕೇಬಲ್ ಅಲ್ಲಾಡಿಸಿದರು. ಹೋಗಿರಲಿಲ್ಲ, ಆಕೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಮುದುಕ ಮುಂದೆ ಬಂದು ಕಪ್ಪು ನೀರು ಕಂಡ ಮೇಲೆ ಅವನಿಗೊಂದು ಹೊಗಳಿಕೆಯ ಮಾತು ಬರೆದಿದ್ದರು. ಆ ಮಾತು ಇನ್ನು ಬೇಡ, ಅವನು ಸುಮ್ಮನೆ ಮಂಡಿಯೂರಲಿ ಎಂದಳು. ಮುಂದಾಳು ನಾಯಿಯ ಮುಖ ಬರುವ ಉಳಿದ ದೃಶ್ಯಗಳೂ ನಿಮಗೇ ಇರಲಿ ಎಂದಳು. ಕರೆ ಮುಗಿದ ಮೇಲೆ ನಮ್ಮ ಮಹಡಿಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನ ಕಂಪನಿಯವರು ಮೇಲೆ ಬಂದು ವಿಚಾರಿಸಿದರು.

ಚಿತ್ರ ಬಿಡುಗಡೆಯಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಮತ್ತೆ ಮಾರತ್ತಹಳ್ಳಿಗೆ ಹೋದೆವು. ಅದೇ ಮಧ್ಯಾಹ್ನ, ಅದೇ ಎಸಿ, ಅದೇ ನೆಲದ ಮೇಲೆ ಗಿರ್ಮಿಟ್. ಅವನ ಪಕ್ಕದಲ್ಲೇ ಕೂತು ಆ ದೃಶ್ಯ ಹಾಕಿದೆ, ದನಿ ಪೂರ್ತಿ ಏರಿಸಿ. ಗಾಳಿ ಊಳಿಟ್ಟಿತು, ಸಾಲು ನಾಯಿಗಳು ಬೊಗಳಿದವು, ಮುದುಕ ಗಂಟಲು ಹರಿಯುವಂತೆ ಅರಚಿದ. ತನ್ನದೇ ಜಾತಿಯವರ ಅಷ್ಟೊಂದು ಕೂಗಾಟಕ್ಕೆ ಗಿರ್ಮಿಟ್ಟಿನ ಕಿವಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮುದುಕ ಮಂಡಿಯೂರಿದಾಗ, ನಮ್ಮ ಜೊತೆ ಕೂತು ನೋಡುತ್ತಿದ್ದ ಆ ಹಿರಿಯ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು, ತಮಗೆ ಮಾತ್ರ ಕೇಳುವಂತೆ, “ಅಯ್ಯ ನನ್ನ ಕೂಸ” ಎಂದರು.

ಗಿರ್ಮಿಟ್ಟಿನ ಕಿವಿ ಚಕ್ಕನೆ ಅವರ ಕಡೆ ಹೊರಳಿತು.

ರಿಗ್ಗರ್ ಲ್ಯಾಪ್‌ಟಾಪ್ ನೋಡುತ್ತಿರಲಿಲ್ಲ, ಗಿರ್ಮಿಟ್ಟನ್ನೇ ನೋಡುತ್ತಿದ್ದರು. ನನ್ನ ಕಡೆ ಬಾಗಿ ಪಿಸುಗುಟ್ಟಿದರು.

“ಮೇಡಂ, ನಮ್ ನಾಯಿ ಕಿವಿ ಒಂಚೂರು ಲೇಟು.”